ಹೊರಗಿನ ರೆಪಾಸಿಟರಿಗಳನ್ನೂ ಅವುಗಳ ಕೀಲಿಗಳನ್ನೂ ಲಿನಕ್ಸ್‌ನಿಂದ ತೆಗೆಯುವ ಕ್ರಮ

2013ರ ಜೂನ್ ತಿಂಗಳಲ್ಲಿ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ರೂಪಿಸುವ ಡೆಬಿಯನ್ ಯೋಜನೆಯು ತನ್ನ ಬಳಕೆದಾರರಿಗೆ ಒಂದು ಎಚ್ಚರಿಕೆ ಕೊಟ್ಟಿತು. ಡೆಬಿಯನ್ ಮಲ್ಟಿಮೀಡಿಯಾ ಎಂಬ ಹೆಸರಿನ, ಆದರೆ ಯೋಜನೆಗೆ ಸೇರದ ಹೊರಗಿನ ರೆಪಾಸಿಟರಿಯೊಂದು (ಪ್ಯಾಕೇಜುಗಳನ್ನು, ಅಂದರೆ ಸ್ಥಾಪನೆಗೆ ಸಿದ್ಧವಾದ ತಂತ್ರಾಂಶದ ಕಟ್ಟುಗಳನ್ನು, ಒದಗಿಸುವ ಭಂಡಾರ) ಕೆಲವು ತಿಂಗಳ ಹಿಂದೆ ತನ್ನ ಹಳೆಯ ಡೊಮೇನ್ ಬಿಟ್ಟು ಹೊಸ ಹೆಸರಿಗೆ ಹೋಗಿತ್ತು. ಬಿಟ್ಟುಹೋದ ಡೊಮೇನಿನ ಅವಧಿ ಮುಗಿದಾಗ ಅದನ್ನು ಯಾರೋ ಅಪರಿಚಿತರು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. ಹಳೆಯ ವಿಳಾಸವನ್ನು ಪಟ್ಟಿಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದ ಕಂಪ್ಯೂಟರು ಪ್ರತಿ ಸಲ ಅಪ್‌ಡೇಟ್ ಮಾಡುವಾಗಲೂ ಆ ಅಪರಿಚಿತರ ಬಾಗಿಲನ್ನು ತಟ್ಟುತ್ತಿತ್ತು. ಪ್ಯಾಕೇಜುಗಳ ಸಹಿಯನ್ನು ಪರೀಕ್ಷಿಸುವ ವ್ಯವಸ್ಥೆ ಇದ್ದುದರಿಂದ ಡೊಮೇನಿನ ಹೊಸ ಒಡೆಯರು ತಮಗೆ ಬೇಕಾದ ಪ್ಯಾಕೇಜನ್ನು ಸುಮ್ಮನೆ ಒಳಗೆ ತೂರಿಸುವಂತಿರಲಿಲ್ಲ. ಆದರೆ ಹೊರಗಿನ ರೆಪಾಸಿಟರಿಯನ್ನು ಸೇರಿಸಿ ಮರೆತುಬಿಡುವುದು ಎಂತಹ ಅಭ್ಯಾಸ ಎಂಬುದನ್ನು ಆ ಪ್ರಸಂಗ ಚೆನ್ನಾಗಿ ತೋರಿಸಿತು.

ನಮ್ಮ ಯಂತ್ರಗಳಲ್ಲೂ ಇಂತಹ ಮರೆತ ಸಾಲುಗಳು ಸಾಕಷ್ಟಿರುತ್ತವೆ. ಬ್ರೌಸರ್‌ಗೆಂದು ಒಂದು, ಕಂಟೇನರುಗಳನ್ನು ಓಡಿಸುವ ಡಾಕರ್‌ಗೆಂದು ಒಂದು, ಪೈಥಾನಿನ ಬೇರೆ ಆವೃತ್ತಿ ಬೇಕಿದ್ದಾಗ ಸೇರಿಸಿದ ಪಿಪಿಎ (ಉಬುಂಟುವಿಗಾಗಿ ಲಾಂಚ್‌ಪ್ಯಾಡ್ ತಾಣದಲ್ಲಿ ಬಿಡಿ ವ್ಯಕ್ತಿಗಳು, ತಂಡಗಳು ನಡೆಸುವ ರೆಪಾಸಿಟರಿ) ಒಂದು. ಸೇರಿಸುವ ವಿಧಾನವನ್ನು ಎಲ್ಲರೂ ಹೇಳಿಕೊಡುತ್ತಾರೆ, ತೆಗೆಯುವ ವಿಧಾನವನ್ನು ಹೇಳುವವರು ಕಡಿಮೆ. ಈ ಲೇಖನದಲ್ಲಿ ಮುಖ್ಯವಾಗಿ ಉಬುಂಟು 24.04 ಹಾಗೂ ಡೆಬಿಯನ್ 12 ಮತ್ತು 13ನ್ನು ಮುಂದಿಟ್ಟುಕೊಂಡು ಆ ಕೆಲಸವನ್ನು ವಿವರಿಸಿದ್ದೇನೆ. ಕೊನೆಯಲ್ಲಿ ಫೆಡೋರಾ ಬಳಸುವವರಿಗೆ ಬೇಕಾದಷ್ಟನ್ನು ಸೇರಿಸಿದ್ದೇನೆ.

ಓದುವ ಮೊದಲು ಒಂದು ಸೂಚನೆ. ಕಮಾಂಡ್‌ಗಳನ್ನೂ ಕಡತಗಳ ಹಾದಿಗಳನ್ನೂ ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಟಿಸಿ, ಯುಎಸ್‌ಆರ್, ಡಿಪಿಕೆಜಿ ಮುಂತಾದವು ಬಿಡಿ ಅಕ್ಷರಗಳು. ಖಾಲಿ ಜಾಗ, ಅಡ್ಡಗೆರೆ, ಓರೆಗೆರೆ, ಚುಕ್ಕಿಗಳನ್ನು ಇಲ್ಲಿರುವಂತೆಯೇ ಹಾಕಬೇಕು. ಹಾದಿಯ ಮೊದಲ ಎರಡು ಮೂರು ಅಕ್ಷರ ಟೈಪ್ ಮಾಡಿ ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬಿಕೊಡುತ್ತದೆ. ಅಳಿಸುವ ಕೆಲಸದಲ್ಲಿ ಕಾಗುಣಿತ ತಪ್ಪದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ತೆಗೆಯಬೇಕಾದದ್ದು ಒಂದಲ್ಲ, ಮೂರು

ಹೊರಗಿನ ರೆಪಾಸಿಟರಿಯೊಂದನ್ನು ಸೇರಿಸಿದಾಗ ಯಂತ್ರದೊಳಗೆ ಮೂರು ವಸ್ತುಗಳು ಬರುತ್ತವೆ. ಮೊದಲನೆಯದು ಕೀಲಿ, ಅಂದರೆ ಆ ರೆಪಾಸಿಟರಿಯವರ ಸಹಿಯನ್ನು ಗುರುತಿಸಲು ಬೇಕಾದ ಸಾರ್ವಜನಿಕ ಕೀಲಿಯ ಕಡತ. ಎರಡನೆಯದು ವಿಳಾಸ, ಅಂದರೆ ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಕಡತ. ಮೂರನೆಯದು ಅಲ್ಲಿಂದ ತಂದು ಸ್ಥಾಪಿಸಿದ ಪ್ಯಾಕೇಜುಗಳು. ಹಾಕುವಾಗ ಕೀಲಿ, ವಿಳಾಸ, ಪ್ಯಾಕೇಜು ಎಂಬ ಕ್ರಮವಿದ್ದರೆ, ತೆಗೆಯುವಾಗ ಅದು ತಿರುಗುಮುರುಗಾಗಬೇಕು: ಮೊದಲು ಪ್ಯಾಕೇಜುಗಳ ವಿಚಾರ ಇತ್ಯರ್ಥವಾಗಬೇಕು, ಆಮೇಲೆ ವಿಳಾಸ ಹೋಗಬೇಕು, ಕೊನೆಗೆ ಕೀಲಿ.

ಹೆಚ್ಚಿನವರು ವಿಳಾಸದ ಕಡತವನ್ನು ಅಳಿಸಿ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಅದರಿಂದ ಎರಡು ತೊಂದರೆಗಳು ಹುಟ್ಟುತ್ತವೆ. ಸ್ಥಾಪನೆಯಾದ ಪ್ಯಾಕೇಜುಗಳು ಅನಾಥವಾಗಿ ಉಳಿಯುತ್ತವೆ. ಅವುಗಳಿಗೆ ಮುಂದೆ ಭದ್ರತಾ ತಿದ್ದುಪಡಿ ಬರುವುದಿಲ್ಲ, ಬರುತ್ತಿಲ್ಲವೆಂದು ಯಂತ್ರವೂ ನಿಮಗೆ ಹೇಳುವುದಿಲ್ಲ. ಇನ್ನೊಂದು, ಕೀಲಿ ಹಾಗೆಯೇ ಉಳಿಯುತ್ತದೆ. ಅದು ಹಳೆಯ ಪದ್ಧತಿಯ ಜಾಗದಲ್ಲಿದ್ದರೆ ಆ ಒಂದು ರೆಪಾಸಿಟರಿಗಷ್ಟೇ ಅಲ್ಲ, ನಿಮ್ಮ ಪಟ್ಟಿಯಲ್ಲಿರುವ ಯಾವುದೇ ರೆಪಾಸಿಟರಿಯ ಸಹಿಯಾಗಿಯೂ ಸಲ್ಲಬಹುದು. ಪ್ಯಾಕೇಜಿನೊಳಗಿನ ಸ್ಕ್ರಿಪ್ಟುಗಳು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿ, ಓಡುವುದರಿಂದ ಈ ನಂಬಿಕೆ ಸಣ್ಣದೇನಲ್ಲ.

ಮೊದಲ ಹಂತ: ಪ್ರತಿ ಇಟ್ಟುಕೊಳ್ಳಿ, ಪಟ್ಟಿ ಮಾಡಿ

ಯಾವುದನ್ನೂ ಮುಟ್ಟುವ ಮೊದಲು, ಉಬುಂಟು ಮತ್ತು ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ನಿರ್ವಹಿಸುವ ಆಪ್ಟ್‌ನ ಇಡೀ ಸಂರಚನೆಯ ಪ್ರತಿಯೊಂದನ್ನು ಬದಿಗಿಡಿ:

ಸುಡೊ ಸಿಪಿ -ಎ /ಇಟಿಸಿ/ಆಪ್ಟ್ /ರೂಟ್/ಆಪ್ಟ್-ಬ್ಯಾಕಪ್

ಈಗ ಯಾವ ಯಾವ ವಿಳಾಸಗಳಿವೆ ಎಂದು ನೋಡಬೇಕು. ವಿಳಾಸಗಳು ಎರಡು ಕಡೆ ಇರುತ್ತವೆ: /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಎಂಬ ಒಂಟಿ ಕಡತದಲ್ಲಿ ಹಾಗೂ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಎಂಬ ಫೋಲ್ಡರಿನಲ್ಲಿ. ಫೋಲ್ಡರಿನೊಳಗಿನ ಕಡತಗಳಲ್ಲಿ ಎರಡು ಬಗೆ. ಲಿಸ್ಟ್ ಎಂದು ಮುಗಿಯುವವು ಹಳೆಯ ಬಗೆ. ಅವುಗಳಲ್ಲಿ ಒಂದು ಸಾಲಿಗೆ ಒಂದು ವಿಳಾಸ. ಸೋರ್ಸಸ್ ಎಂದು ಮುಗಿಯುವವು ಹೊಸ ಬಗೆ. ಅವುಗಳಲ್ಲಿ ಟೈಪ್ಸ್, ಯುಆರ್‌ಐಸ್, ಸೂಟ್ಸ್, ಸೈನ್ಡ್-ಬೈ ಎಂಬ ತಲೆಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಉಬುಂಟು 24.04ರಲ್ಲಿ ಅಧಿಕೃತ ವಿಳಾಸಗಳೇ ಹೊಸ ಬಗೆಗೆ ಬದಲಾಗಿ, ಇದೇ ಫೋಲ್ಡರಿನಲ್ಲಿ ಉಬುಂಟು.ಸೋರ್ಸಸ್ ಎಂಬ ಹೆಸರಿನಲ್ಲಿ ಕೂತಿವೆ. ಈ ಫೋಲ್ಡರಿನಲ್ಲಿರುವುದೆಲ್ಲ ಹೊರಗಿನದೇ ಎಂದು ಭಾವಿಸಿ ಎಲ್ಲವನ್ನೂ ಅಳಿಸಿದರೆ ಯಂತ್ರಕ್ಕೆ ಅಪ್‌ಡೇಟಿನ ದಾರಿಯೇ ಇಲ್ಲದಂತಾಗುತ್ತದೆ.

ಎಲ್‌ಎಸ್ -ಎಲ್ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ

ಕಡತದ ಹೆಸರಷ್ಟರಿಂದ ಒಳಗೇನಿದೆ ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಹೀಗೆ ಕೇಳಬೇಕು:

ಆಪ್ಟ್ ಪಾಲಿಸಿ

ಪ್ಯಾಕೇಜಿನ ಹೆಸರು ಕೊಡದೆ ಈ ಕಮಾಂಡ್ ಓಡಿಸಿದಾಗ ಚಾಲ್ತಿಯಲ್ಲಿರುವ ಪ್ರತಿಯೊಂದು ರೆಪಾಸಿಟರಿಯ ವಿಳಾಸವೂ, ಅದರ ಕೆಳಗೆ ರಿಲೀಸ್ ಎಂಬ ಸಾಲೂ ಕಾಣಿಸುತ್ತವೆ. ಆ ಸಾಲಿನಲ್ಲಿ ಇಂಗ್ಲಿಷಿನ ಓ ಅಕ್ಷರದ ಮುಂದೆ ಸಮಚಿಹ್ನೆ ಹಾಕಿ ಬರೆದಿರುವುದೇ ರೆಪಾಸಿಟರಿಯ ಮೂಲದ ಹೆಸರು, ಅಂದರೆ ಒರಿಜಿನ್. ಉಬುಂಟುವಿನ ಅಧಿಕೃತ ರೆಪಾಸಿಟರಿಗಳಿಗೆ ಉಬುಂಟು ಎಂದೂ, ಡಾಕರ್‌ನವರದ್ದಕ್ಕೆ ಡಾಕರ್ ಎಂದೂ, ಲಾಂಚ್‌ಪ್ಯಾಡ್‌ನ ಪಿಪಿಎಗಳಿಗೆ ಎಲ್‌ಪಿ-ಪಿಪಿಎ ಎಂದು ಶುರುವಾಗುವ ಹೆಸರೂ ಇರುತ್ತದೆ. ಈ ಹೆಸರನ್ನು ಗುರುತು ಹಾಕಿಕೊಳ್ಳಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

ಉಬುಂಟುವನ್ನು ಒಂದು ಆವೃತ್ತಿಯಿಂದ ಮತ್ತೊಂದಕ್ಕೆ ಏರಿಸಿದವರು ಇನ್ನೊಂದನ್ನು ಗಮನಿಸಬೇಕು. ಏರಿಸುವಾಗ ಹೊರಗಿನ ರೆಪಾಸಿಟರಿಗಳನ್ನು ಉಬುಂಟು ತಾನೇ ನಿಷ್ಕ್ರಿಯಗೊಳಿಸುತ್ತದೆ: ಹಳೆಯ ಬಗೆಯ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕುತ್ತದೆ, ಹೊಸ ಬಗೆಯ ಕಡತದಲ್ಲಿ ಎನೇಬಲ್ಡ್: ನೋ ಎಂದು ಬರೆಯುತ್ತದೆ. ಅಂತಹವು ಪಾಲಿಸಿ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಅವುಗಳ ಕಡತ, ಕೀಲಿ, ಪ್ಯಾಕೇಜುಗಳು ಇನ್ನೂ ಯಂತ್ರದಲ್ಲೇ ಇರುತ್ತವೆ. ಆದ್ದರಿಂದ ಎರಡೂ ಪಟ್ಟಿಗಳನ್ನು ಎದುರುಬದುರಿಟ್ಟು ನೋಡುವುದು ಒಳ್ಳೆಯದು.

ಎರಡನೆಯ ಹಂತ: ಪ್ಯಾಕೇಜುಗಳ ಇತ್ಯರ್ಥ

ಸಮಯ ಹಿಡಿಯುವ ಭಾಗ ಇದು, ಇಲ್ಲಿ ಅವಸರ ಮಾಡಬಾರದು. ಆ ರೆಪಾಸಿಟರಿಯಿಂದ ಬಂದು ಈಗ ಸ್ಥಾಪಿತವಾಗಿರುವ ಪ್ಯಾಕೇಜುಗಳು ಯಾವುವು ಎಂದು ಹೀಗೆ ಕೇಳಬಹುದು:

ಆಪ್ಟ್ ಲಿಸ್ಟ್ '?ನ್ಯಾರೋ(?ಇನ್‌ಸ್ಟಾಲ್ಡ್,?ಒರಿಜಿನ್(ಡಾಕರ್))'

ಹಿಂದಿನ ಹಂತದಲ್ಲಿ ಗುರುತು ಹಾಕಿಕೊಂಡ ಮೂಲದ ಹೆಸರನ್ನು ಡಾಕರ್ ಎಂದಿರುವಲ್ಲಿ ಹಾಕಬೇಕು. ಒಂಟಿ ಉದ್ಧರಣ ಚಿಹ್ನೆಗಳನ್ನು ಬಿಡಬಾರದು. ಬಿಟ್ಟರೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಆವರಣವನ್ನೂ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್‌ಗಳನ್ನು ಓದಿ ಓಡಿಸುವ ತಂತ್ರಾಂಶ) ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ದೋಷ ತೋರಿಸುತ್ತದೆ. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ರೆಪಾಸಿಟರಿ ಇನ್ನೂ ಪಟ್ಟಿಯಲ್ಲಿರಬೇಕು. ವಿಳಾಸವನ್ನು ಮೊದಲು ಅಳಿಸಬಾರದು ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಪಟ್ಟಿ ಬಂದ ಮೇಲೆ ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಗತಿ. ಬೇಡವಾದದ್ದನ್ನು ತೆಗೆಯಬೇಕು. ಬೇಕಾದದ್ದಕ್ಕೆ ವಿತರಣೆಯ ಅಧಿಕೃತ ಆವೃತ್ತಿ ಇದ್ದರೆ ಅದಕ್ಕೆ ಮರಳಬೇಕು. ಬೇಕು, ಆದರೆ ಅಧಿಕೃತ ಆವೃತ್ತಿ ಇಲ್ಲ ಎಂದಾದರೆ, ಆ ರೆಪಾಸಿಟರಿಯನ್ನು ಈಗ ತೆಗೆಯುವುದೇ ಬೇಡ. ನವೀಕರಣವಾಗುತ್ತಿರುವ ಹೊರಗಿನ ರೆಪಾಸಿಟರಿಗಿಂತ ನವೀಕರಣವಿಲ್ಲದ ಹೊರಗಿನ ಪ್ಯಾಕೇಜು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಬ್ರೌಸರಿನ ವಿಷಯದಲ್ಲಂತೂ ಇದರಲ್ಲಿ ಎರಡು ಮಾತಿಲ್ಲ.

ತೆಗೆಯುವುದು ಸುಲಭ:

ಸುಡೊ ಆಪ್ಟ್ ಪರ್ಜ್ ಪ್ಯಾಕೇಜಿನ-ಹೆಸರು

ರಿಮೂವ್ ಎಂದರೆ ಸಂರಚನೆಯ ಕಡತಗಳು ಉಳಿಯುತ್ತವೆ, ಪರ್ಜ್ ಎಂದರೆ ಅವೂ ಹೋಗುತ್ತವೆ. ನೀವು ಸೃಷ್ಟಿಸಿದ ದತ್ತಾಂಶ ಮಾತ್ರ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. ಡಾಕರ್‌ನ ಪ್ಯಾಕೇಜುಗಳನ್ನು ತೆಗೆದರೂ /ವಾರ್/ಲಿಬ್/ಡಾಕರ್ ಫೋಲ್ಡರಿನಲ್ಲಿರುವ ಇಮೇಜುಗಳು, ಕಂಟೇನರುಗಳು ಮತ್ತು ವಾಲ್ಯೂಮುಗಳು ಅಳಿಯುವುದಿಲ್ಲ. ಅವು ಬೇಡವೆಂದು ಖಚಿತವಾದರೆ ಮಾತ್ರ ಕೈಯಾರೆ ಅಳಿಸಬೇಕು.

ಅಧಿಕೃತ ಆವೃತ್ತಿಗೆ ಮರಳುವುದು ಸ್ವಲ್ಪ ಜಟಿಲ. ಹೊರಗಿನ ರೆಪಾಸಿಟರಿಯ ಆವೃತ್ತಿ ಸಾಮಾನ್ಯವಾಗಿ ಹೊಸದಿರುತ್ತದೆ, ಅಧಿಕೃತ ಆವೃತ್ತಿ ಹಳೆಯದಿರುತ್ತದೆ. ಆಪ್ಟ್ ತಾನಾಗಿ ಹೊಸದರಿಂದ ಹಳೆಯದಕ್ಕೆ ಇಳಿಯುವುದಿಲ್ಲ, ನಾವೇ ಇಳಿಸಬೇಕು. ಮೊದಲು ಪರಿಸ್ಥಿತಿ ನೋಡಿ:

ಆಪ್ಟ್ ಪಾಲಿಸಿ ಪ್ಯಾಕೇಜಿನ-ಹೆಸರು

ಮೂರು ನಕ್ಷತ್ರ ಚಿಹ್ನೆಗಳಿರುವ ಸಾಲು ಈಗ ಸ್ಥಾಪಿತವಾಗಿರುವ ಆವೃತ್ತಿ. ಅದರ ಕೆಳಗಿನ ಸಾಲುಗಳಲ್ಲಿ 500 ಎಂಬ ಅಂಕಿಯೊಡನೆ ವಿಳಾಸವಿದ್ದರೆ ಆ ಆವೃತ್ತಿ ಆ ರೆಪಾಸಿಟರಿಯಲ್ಲಿ ಸಿಗುತ್ತದೆ ಎಂದರ್ಥ. 100 ಎಂಬ ಅಂಕಿಯೊಡನೆ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಎಂಬ ಒಂದೇ ಸಾಲಿದ್ದರೆ ಅದು ಅನಾಥ ಪ್ಯಾಕೇಜು. ಯಂತ್ರದಲ್ಲಿ ಬಿಟ್ಟು ಬೇರೆಲ್ಲೂ ಅದಿಲ್ಲ. ಅದೇ ಉತ್ತರದಲ್ಲಿ ಅಧಿಕೃತ ರೆಪಾಸಿಟರಿಯ ಆವೃತ್ತಿಯೂ ಕಾಣುತ್ತಿದ್ದರೆ ಹೀಗೆ ಇಳಿಸಬಹುದು:

ಸುಡೊ ಆಪ್ಟ್ ಇನ್‌ಸ್ಟಾಲ್ ಪ್ಯಾಕೇಜಿನ-ಹೆಸರು/ನೋಬಲ್

ನೋಬಲ್ ಎಂಬುದು ಉಬುಂಟು 24.04ರ ಸಂಕೇತನಾಮ. ನವೀಕೃತ ಆವೃತ್ತಿ ಬೇಕಿದ್ದರೆ ನೋಬಲ್-ಅಪ್‌ಡೇಟ್ಸ್ ಎಂದು ಬರೆಯಬೇಕು. ಡೆಬಿಯನ್ 12ರಲ್ಲಿ ಬುಕ್‌ವರ್ಮ್, 13ರಲ್ಲಿ ಟ್ರಿಕ್ಸಿ. ಒಂದನ್ನೊಂದು ಅವಲಂಬಿಸಿದ ಪ್ಯಾಕೇಜುಗಳು ಹಲವಿದ್ದರೆ ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಕೊಡಿ. ಒಂದೊಂದಾಗಿ ಇಳಿಸಹೊರಟರೆ ಪ್ರತಿಯೊಂದೂ ಇನ್ನೊಂದರ ನೆಪ ಹೇಳಿ ನಿರಾಕರಿಸುತ್ತದೆ. ಡೇಟಾಬೇಸ್ ಸರ್ವರುಗಳನ್ನು ಮಾತ್ರ ಹೀಗೆ ಇಳಿಸಬೇಡಿ. ಹೊಸ ಆವೃತ್ತಿ ಬರೆದ ದತ್ತಾಂಶವನ್ನು ಹಳೆಯ ಆವೃತ್ತಿ ಓದಲಾರದೆ ಹೋಗಬಹುದು. ಮೊದಲು ದತ್ತಾಂಶವನ್ನು ರಫ್ತು ಮಾಡಿಕೊಂಡು, ಆಮೇಲೆ ಹಳೆಯ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ, ಕೊನೆಗೆ ದತ್ತಾಂಶವನ್ನು ಆಮದು ಮಾಡಬೇಕು.

ಪಿಪಿಎಗಳಿಗೆ ಉಬುಂಟುವಿನಲ್ಲಿ ಇದಕ್ಕೆಂದೇ ಒಂದು ಸಲಕರಣೆ ಇದೆ, ಅದರ ಹೆಸರು ಪಿಪಿಎ-ಪರ್ಜ್. ಪೈಥಾನಿನ ಬೇರೆ ಬೇರೆ ಆವೃತ್ತಿಗಳನ್ನು ಕೊಡುವ ಡೆಡ್‌ಸ್ನೇಕ್ಸ್ ಪಿಪಿಎಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಪಿಪಿಎ-ಪರ್ಜ್
ಸುಡೊ ಪಿಪಿಎ-ಪರ್ಜ್ ಪಿಪಿಎ:ಡೆಡ್‌ಸ್ನೇಕ್ಸ್/ಪಿಪಿಎ

ಇದು ಪಿಪಿಎಯನ್ನು ನಿಷ್ಕ್ರಿಯಗೊಳಿಸಿ, ಅಲ್ಲಿಂದ ಬಂದ ಪ್ಯಾಕೇಜುಗಳನ್ನು ಉಬುಂಟುವಿನ ಆವೃತ್ತಿಗೆ ಇಳಿಸಲು ಪ್ರಯತ್ನಿಸುತ್ತದೆ. ಹೌದು ಎನ್ನುವ ಮೊದಲು ಅದು ತೋರಿಸುವ ಪಟ್ಟಿಯನ್ನು, ವಿಶೇಷವಾಗಿ ತೆಗೆಯಲಾಗುವ ಪ್ಯಾಕೇಜುಗಳ ಭಾಗವನ್ನು, ಪೂರ್ತಿ ಓದಿ. ನಿಮ್ಮ ಡೆಸ್ಕ್‌ಟಾಪ್‌ಗೆ ಸೇರಿದ ದೊಡ್ಡ ಹೆಸರುಗಳು ಅಲ್ಲಿ ಕಂಡರೆ ಬೇಡವೆಂದು ಹೇಳಿ ಹಿಂದೆ ಸರಿಯುವುದೇ ಸರಿ.

ಈ ಕ್ರಮವನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಗ್ರಾಫಿಕ್ಸ್ ಡ್ರೈವರುಗಳ ಪಿಪಿಎಯೊಂದನ್ನು ಸೇರಿಸಿದ್ದವನು, ಆಮೇಲೆ ಅದರ ಕಡತವನ್ನಷ್ಟೇ ಅಳಿಸಿ ನಿಶ್ಚಿಂತನಾಗಿದ್ದೆ. ಕೆಲವು ತಿಂಗಳು ಏನೂ ಆಗಲಿಲ್ಲ. ಮುಂದೊಂದು ದಿನ 32 ಬಿಟ್‌ನ ಗ್ರಾಫಿಕ್ಸ್ ಲೈಬ್ರರಿಗಳನ್ನು ಬೇಡುವ ತಂತ್ರಾಂಶವೊಂದನ್ನು ಹಾಕಹೋದಾಗ ಆಪ್ಟ್ ಮೊಂಡು ಹಿಡಿಯಿತು. 64 ಬಿಟ್‌ನ ಲೈಬ್ರರಿ ಪಿಪಿಎಯ ಹೊಸ ಆವೃತ್ತಿಯಲ್ಲಿತ್ತು, 32 ಬಿಟ್‌ನದು ಉಬುಂಟುವಿನ ಹಳೆಯ ಆವೃತ್ತಿಯಲ್ಲಿ ಮಾತ್ರ ಸಿಗುತ್ತಿತ್ತು, ಆದರೆ ಅವೆರಡೂ ಒಂದೇ ಆವೃತ್ತಿಯವಾಗಿರಬೇಕೆಂಬುದು ನಿಯಮ. ಕಾರಣ ಹೊಳೆಯುವ ಹೊತ್ತಿಗೆ ಒಂದು ಸಂಜೆ ಕಳೆದಿತ್ತು. ಕೊನೆಗೆ ಪಿಪಿಎಯನ್ನು ಮತ್ತೆ ಸೇರಿಸಿ, ಪಿಪಿಎ-ಪರ್ಜ್ ಮೂಲಕವೇ ತೆಗೆದೆ. ನಿಮ್ಮಲ್ಲೂ ಯಾರಾದರೂ ಕಡತವನ್ನು ಈಗಾಗಲೇ ಅಳಿಸಿಬಿಟ್ಟಿದ್ದರೆ ಅದೇ ದಾರಿ ಹಿಡಿಯಬಹುದು.

ಮೂರನೆಯ ಹಂತ: ವಿಳಾಸ

ಪಿಪಿಎ ಆಗಿದ್ದರೆ ಹೀಗೆ:

ಸುಡೊ ಆ್ಯಡ್-ಆಪ್ಟ್-ರೆಪಾಸಿಟರಿ --ರಿಮೂವ್ ಪಿಪಿಎ:ಡೆಡ್‌ಸ್ನೇಕ್ಸ್/ಪಿಪಿಎ

ಉಳಿದವುಗಳ ಕಡತವನ್ನು ಹೆಸರು ನೋಡಿ ಅಳಿಸಬೇಕು. ಒಮ್ಮೆಗೇ ಅಳಿಸಲು ಮನಸ್ಸು ಹಿಂಜರಿದರೆ ಕಡತದ ಹೆಸರಿನ ಕೊನೆಗೆ ಚುಕ್ಕಿ ಹಾಕಿ ಡಿಸೇಬಲ್ಡ್ ಎಂದು ಸೇರಿಸಿ ಮರುನಾಮಕರಣ ಮಾಡಿ. ಹಾಗೆ ಮುಗಿಯುವ ಕಡತಗಳನ್ನು ಆಪ್ಟ್ ಓದುವುದಿಲ್ಲ, ಓದಲಿಲ್ಲವೆಂದು ದೂರುವುದೂ ಇಲ್ಲ:

ಸುಡೊ ಎಂವಿ ಡಾಕರ್.ಲಿಸ್ಟ್ ಡಾಕರ್.ಲಿಸ್ಟ್.ಡಿಸೇಬಲ್ಡ್

ಈ ಕಮಾಂಡನ್ನು ವಿಳಾಸಗಳ ಫೋಲ್ಡರಿನೊಳಗೆ ನಿಂತು ಓಡಿಸಬೇಕು. ಕೆಲವು ದಿನ ಎಲ್ಲವೂ ಸರಿಯಾಗಿ ನಡೆದರೆ ಆಮೇಲೆ ಆರ್‌ಎಂ ಕಮಾಂಡಿನಿಂದ ಅಳಿಸಬಹುದು. ಅದೇ ಫೋಲ್ಡರಿನಲ್ಲಿ ಸೇವ್ ಅಥವಾ ಡಿಸ್ಟ್‌ಅಪ್‌ಗ್ರೇಡ್ ಎಂದು ಮುಗಿಯುವ ಹಳೆಯ ಪ್ರತಿಗಳೂ ಇರುತ್ತವೆ. ಅವು ನಿರುಪದ್ರವಿ, ಆದರೆ ಮುಂದೆ ಓದುವವರಿಗೆ ಗೊಂದಲ ಉಂಟುಮಾಡುತ್ತವೆ.

ಹೊರಗಿನ ವಿಳಾಸ ಸೋರ್ಸಸ್.ಲಿಸ್ಟ್ ಎಂಬ ಮುಖ್ಯ ಕಡತದೊಳಗೇ ಇದ್ದರೆ ಅದನ್ನು ನ್ಯಾನೋದಂತಹ ಸಂಪಾದಕದಲ್ಲಿ ತೆರೆದು ಆ ಸಾಲನ್ನು ಮಾತ್ರ ಅಳಿಸಿ. ಹೊಸ ಬಗೆಯ ಕಡತವೊಂದರಲ್ಲಿ ಖಾಲಿ ಸಾಲಿನಿಂದ ಬೇರ್ಪಟ್ಟ ಹಲವು ಭಾಗಗಳಿರಬಹುದು, ಪ್ರತಿ ಭಾಗವೂ ಒಂದು ಪ್ರತ್ಯೇಕ ರೆಪಾಸಿಟರಿ. ಬೇಡದ ಭಾಗವನ್ನು ತಲೆಯಿಂದ ಬುಡದವರೆಗೆ ಅಳಿಸಬೇಕು, ಅರ್ಧ ಬಿಡಬಾರದು.

ಇಲ್ಲಿ ಒಂದು ಸೋಜಿಗವನ್ನು ಹೇಳಬೇಕು. ಕೆಲವು ಪ್ಯಾಕೇಜುಗಳು ತಮ್ಮ ರೆಪಾಸಿಟರಿಯನ್ನು ತಾವೇ ಸೇರಿಸಿಕೊಳ್ಳುತ್ತವೆ. ಗೂಗಲ್ ಕ್ರೋಮ್‌ನ ಡೆಬ್ ಕಡತವನ್ನು (ಒಂದು ಪ್ಯಾಕೇಜಿನ ಬಿಡಿ ಕಡತ) ಇಳಿಸಿಕೊಂಡು ಸ್ಥಾಪಿಸಿದರೆ ವಿಳಾಸವೂ ಕೀಲಿಯೂ ನಿಮ್ಮನ್ನು ಕೇಳದೆ ಬಂದು ಕೂರುತ್ತವೆ. /ಇಟಿಸಿ/ಡಿಫಾಲ್ಟ್/ಗೂಗಲ್-ಕ್ರೋಮ್ ಎಂಬ ಕಡತದಲ್ಲಿ ಅದರ ಆಯ್ಕೆಗಳಿರುತ್ತವೆ. ಪ್ರತಿದಿನ ಓಡುವ ಕ್ರಾನ್ ಕೆಲಸಗಳ ಫೋಲ್ಡರಿನಲ್ಲೂ ಅದರದೊಂದು ಸ್ಕ್ರಿಪ್ಟ್ ಇರುತ್ತದೆ. ಕ್ರೋಮನ್ನು ಇಟ್ಟುಕೊಂಡು ಅದರ ವಿಳಾಸವನ್ನಷ್ಟೇ ಅಳಿಸಿದವರು, ಅದು ಮತ್ತೆ ಕಾಣಿಸಿಕೊಂಡಾಗ ಯಂತ್ರಕ್ಕೆ ಯಾರೋ ಕನ್ನ ಹಾಕಿದ್ದಾರೆಂದು ಗಾಬರಿಯಾಗಬೇಕಿಲ್ಲ. ವಿಷುಯಲ್ ಸ್ಟುಡಿಯೋ ಕೋಡ್‌ನ ಡೆಬ್ ಪ್ಯಾಕೇಜೂ ಇದೇ ಜಾತಿಯದು. ಇಂತಹವುಗಳ ರೆಪಾಸಿಟರಿ ಹೋಗಬೇಕೆಂದಿದ್ದರೆ ತಂತ್ರಾಂಶವೂ ಹೋಗಬೇಕು.

ಕೊನೆಗೆ ಕೀಲಿ

ಕೀಲಿಗಳು ಇರಬಹುದಾದ ಜಾಗಗಳು ಐದು. ಇವುಗಳಲ್ಲಿ /ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ ಎಂಬ ಒಂಟಿ ಕಡತ ಅತ್ಯಂತ ಹಳೆಯದು. ಆಪ್ಟ್-ಕೀ ಎಂಬ ಕಮಾಂಡಿನಿಂದ ಸೇರಿಸಿದ ಕೀಲಿಗಳೆಲ್ಲ ಅದರೊಳಗೆ ಒಟ್ಟಾಗಿ ಸೇರುತ್ತಿದ್ದವು. /ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ.ಡಿ ಫೋಲ್ಡರಿನಲ್ಲಿ ಕೀಲಿಗಳು ಬಿಡಿಬಿಡಿ ಕಡತಗಳಾಗಿರುತ್ತವೆ. ಈ ಎರಡೂ ಜಾಗಗಳಲ್ಲಿರುವ ಕೀಲಿಗಳನ್ನು ಆಪ್ಟ್ ಎಲ್ಲ ರೆಪಾಸಿಟರಿಗಳಿಗೂ ಸಾಮಾನ್ಯವಾಗಿ ನಂಬುತ್ತದೆ. ವಿಳಾಸದ ಕಡತದಲ್ಲಿ ಸೈನ್ಡ್-ಬೈ ಎಂಬ ನಿರ್ಬಂಧವಿರುವ ರೆಪಾಸಿಟರಿಗಳು ಮಾತ್ರ ಇದರಿಂದ ಪಾರು. /ಇಟಿಸಿ/ಆಪ್ಟ್/ಕೀರಿಂಗ್ಸ್ ಮತ್ತು /ಯುಎಸ್‌ಆರ್/ಶೇರ್/ಕೀರಿಂಗ್ಸ್ ಫೋಲ್ಡರುಗಳಲ್ಲಿರುವ ಕೀಲಿಗಳಿಗೆ ತಾವಾಗಿ ಯಾವ ಅಧಿಕಾರವೂ ಇಲ್ಲ. ಯಾವ ರೆಪಾಸಿಟರಿ ಸೈನ್ಡ್-ಬೈ ಮೂಲಕ ಅವುಗಳನ್ನು ಹೆಸರಿಸುತ್ತದೋ ಅದಕ್ಕಷ್ಟೇ ಅವು ಸಲ್ಲುತ್ತವೆ. ಐದನೆಯ ಜಾಗವೆಂದರೆ ವಿಳಾಸದ ಕಡತವೇ. ಉಬುಂಟು 24.04ರಲ್ಲಿ ಪಿಪಿಎ ಸೇರಿಸಿದರೆ ಕೀಲಿಯ ಇಡೀ ಪಠ್ಯ ಸೋರ್ಸಸ್ ಕಡತದ ಸೈನ್ಡ್-ಬೈ ಭಾಗದೊಳಗೇ ಅಡಕವಾಗಿರುತ್ತದೆ, ಆ ಕಡತ ಹೋದರೆ ಕೀಲಿಯೂ ಹೋಯಿತು. 22.04 ಮತ್ತು ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಪಿಪಿಎಯ ಕೀಲಿ ಟ್ರಸ್ಟೆಡ್.ಜಿಪಿಜಿ.ಡಿ ಫೋಲ್ಡರಿನಲ್ಲಿ ಉಳಿದಿರಬಹುದಾದ್ದರಿಂದ ಅಲ್ಲಿ ಹುಡುಕಬೇಕು.

ಬಿಡಿ ಕಡತವೊಂದರಲ್ಲಿ ಯಾರ ಕೀಲಿ ಇದೆ ಎಂದು ತಿಳಿಯಲು:

ಜಿಪಿಜಿ --ಶೋ-ಕೀಸ್ ಕೀಲಿಯ-ಕಡತ

ಮಾಲೀಕರ ಹೆಸರು, ಬೆರಳಚ್ಚು ಎನ್ನಲಾಗುವ ಉದ್ದದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವೆಲ್ಲ ಕಾಣುತ್ತವೆ. ಅಳಿಸುವ ಮುನ್ನ ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡಬೇಕು. ಮೊದಲನೆಯದು:

ಡಿಪಿಕೆಜಿ -ಎಸ್ /ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ.ಡಿ/*

ಇಲ್ಲಿ ಎಸ್ ದೊಡ್ಡಕ್ಷರವಾಗಿರಬೇಕು. ಪ್ರತಿ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಎಂದು ಇದು ಹೇಳುತ್ತದೆ. ಉಬುಂಟು-ಕೀರಿಂಗ್ ಅಥವಾ ಡೆಬಿಯನ್-ಆರ್ಕೈವ್-ಕೀರಿಂಗ್ ಎಂದು ಉತ್ತರ ಬಂದರೆ ಅದು ವಿತರಣೆಯ ಸ್ವಂತ ಕೀಲಿ, ಮುಟ್ಟಬಾರದು. ಬೇರೆ ಯಾವುದೋ ಪ್ಯಾಕೇಜಿನ ಹೆಸರು ಬಂದರೆ ಕಡತವನ್ನಲ್ಲ, ಆ ಪ್ಯಾಕೇಜನ್ನು ಪರ್ಜ್ ಮಾಡಬೇಕು. ಯಾವ ಪ್ಯಾಕೇಜಿಗೂ ಸೇರಿಲ್ಲವೆಂದರೆ ಅದನ್ನು ನೀವೋ, ನೀವು ಓಡಿಸಿದ ಯಾವುದೋ ಸ್ಕ್ರಿಪ್ಟೋ ತಂದಿಟ್ಟದ್ದು. ಎರಡನೆಯ ಪರೀಕ್ಷೆ ಹೀಗೆ:

ಗ್ರೆಪ್ -ಆರ್‌ಐ ಸೈನ್ಡ್-ಬೈ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ

ಇಲ್ಲಿ ಆರ್ ಮತ್ತು ಐ ಎರಡೂ ಸಣ್ಣಕ್ಷರಗಳು. ನೀವು ಅಳಿಸಲಿರುವ ಕೀಲಿಯನ್ನು ಬೇರೆ ರೆಪಾಸಿಟರಿಯೂ ಬಳಸುತ್ತಿದೆಯೇ ಎಂದು ಇದರಿಂದ ತಿಳಿಯುತ್ತದೆ. ಒಂದೇ ಸಂಸ್ಥೆಯ ಎರಡು ರೆಪಾಸಿಟರಿಗಳು ಒಂದೇ ಕೀಲಿಯನ್ನು ಹಂಚಿಕೊಳ್ಳುವುದು ಸಾಮಾನ್ಯ. ವಿಷುಯಲ್ ಸ್ಟುಡಿಯೋ ಕೋಡ್ ಬೇಡವೆಂದು ಮೈಕ್ರೋಸಾಫ್ಟ್‌ನ ಕೀಲಿಯನ್ನು ಅಳಿಸಿದರೆ ಎಡ್ಜ್ ಬ್ರೌಸರಿನ ಅಪ್‌ಡೇಟ್ ನಿಂತೀತು. ಎರಡೂ ಪರೀಕ್ಷೆಗಳಲ್ಲಿ ಪಾರಾದ ಕೀಲಿಯನ್ನು ಸುಡೊ ಆರ್‌ಎಂ ಎಂದು ಪೂರ್ತಿ ಹಾದಿ ಕೊಟ್ಟು ಅಳಿಸಬಹುದು.

ಹಳೆಯ ಒಂಟಿ ಕಡತದ ವಿಷಯ ಬೇರೆ. ಅದರೊಳಗೆ ಹಲವು ಕೀಲಿಗಳು ಒಟ್ಟಿಗಿರುವುದರಿಂದ ಒಂದನ್ನಷ್ಟೇ ಹೊರತೆಗೆಯಬೇಕು. ಆಪ್ಟ್-ಕೀ ಕಮಾಂಡನ್ನು 2020ರಲ್ಲೇ ಕೈಬಿಡಬೇಕಾದದ್ದೆಂದು ಘೋಷಿಸಲಾಯಿತು, ಡೆಬಿಯನ್ 13ರಲ್ಲಿ ಅದು ಇಲ್ಲವೇ ಇಲ್ಲ. ಆದ್ದರಿಂದ ಎಲ್ಲ ಕಡೆಯೂ ನಡೆಯುವ ವಿಧಾನವನ್ನೇ ಹೇಳುತ್ತೇನೆ:

ಸುಡೊ ಜಿಪಿಜಿ --ನೋ-ಡಿಫಾಲ್ಟ್-ಕೀರಿಂಗ್ --ಕೀರಿಂಗ್ /ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ --ಲಿಸ್ಟ್-ಕೀಸ್

ಕಾಣುವ ಪಟ್ಟಿಯಿಂದ ಬೇಡದ ಕೀಲಿಯ ಬೆರಳಚ್ಚನ್ನು ನಕಲಿಸಿಕೊಂಡು, ಅದೇ ಕಮಾಂಡಿನ ಕೊನೆಯ ಪದದ ಬದಲು --ಡಿಲೀಟ್-ಕೀಸ್ ಎಂದು ಬರೆದು, ಮುಂದೆ ಬೆರಳಚ್ಚನ್ನು ಅಂಟಿಸಿ. ಕೊನೆಯ ಎಂಟು ಅಂಕಿಗಳನ್ನಷ್ಟೇ ಕೊಡುವ ಹಳೆಯ ರೂಢಿ ಬೇಡ; ಎಂಟು ಅಂಕಿಗಳು ಹೊಂದುವ ಬೇರೆ ಕೀಲಿಯನ್ನು ಸೃಷ್ಟಿಸುವುದು ಕಷ್ಟವಲ್ಲ. ಕೀಲಿಗಳೆಲ್ಲ ಖಾಲಿಯಾದರೆ ಕಡತವನ್ನೇ ಅಳಿಸಬಹುದು.

ಉಳಿದ ತುಣುಕುಗಳು, ಆಮೇಲಿನ ಪರೀಕ್ಷೆ

ಕೀಲಿ ಹೋದ ಮೇಲೂ ಮೂರು ಕಡೆ ಕಣ್ಣು ಹಾಯಿಸಬೇಕು. /ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ ಫೋಲ್ಡರಿನಲ್ಲಿ ಆ ರೆಪಾಸಿಟರಿಗೆ ಆದ್ಯತೆ ಕೊಡುವ ಕಡತವಿರಬಹುದು. /ಇಟಿಸಿ/ಆಪ್ಟ್/ಆಥ್.ಕಾನ್ಫ್.ಡಿ ಫೋಲ್ಡರಿನಲ್ಲಿ ಖಾಸಗಿ ರೆಪಾಸಿಟರಿಯ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಇರಬಹುದು. ತಾನಾಗಿ ನಡೆಯುವ ಅಪ್‌ಡೇಟುಗಳ ಪಟ್ಟಿಗೆ ಆ ಮೂಲವನ್ನು ನೀವೇ ಸೇರಿಸಿದ್ದರೆ ಅಲ್ಲಿಂದಲೂ ತೆಗೆಯಬೇಕು. ಆ ಪಟ್ಟಿ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಫೋಲ್ಡರಿನಲ್ಲಿದೆ.

ಸುಡೊ ಆಪ್ಟ್ ಅಪ್‌ಡೇಟ್
ಆಪ್ಟ್ ಲಿಸ್ಟ್ '?ಅಬ್ಸಲೀಟ್'

ಮೊದಲ ಕಮಾಂಡ್ ತೆಗೆದ ರೆಪಾಸಿಟರಿಯ ಪಟ್ಟಿಗಳನ್ನು ಯಂತ್ರದಿಂದ ತಾನೇ ಗುಡಿಸುತ್ತದೆ. ಅದರ ಉತ್ತರದಲ್ಲಿ ನೋ-ಪಬ್‌ಕೀ ಎಂಬ ಪದ ಕಂಡರೆ ಯಾವುದೋ ವಿಳಾಸ ಉಳಿದು ಅದರ ಕೀಲಿ ಹೋಗಿದೆ ಎಂದರ್ಥ, ಗ್ರೆಪ್ ಪರೀಕ್ಷೆಗೆ ಹಿಂತಿರುಗಿ. 404 ಅಥವಾ ರಿಲೀಸ್ ಕಡತವಿಲ್ಲ ಎಂಬ ದೂರು ಬಂದರೆ ಆ ರೆಪಾಸಿಟರಿಯನ್ನು ಅದರ ಒಡೆಯರೇ ಮುಚ್ಚಿರಬಹುದು. ಕಂಟೇನರುಗಳನ್ನು ನಿರ್ವಹಿಸುವ ಕುಬರ್‌ನೆಟೀಸ್ ಯೋಜನೆ ತನ್ನ ಹಳೆಯ ರೆಪಾಸಿಟರಿಗಳನ್ನು 2023ರ ಸೆಪ್ಟೆಂಬರ್ 13ರಂದು ಸ್ಥಗಿತಗೊಳಿಸಿ 2024ರಲ್ಲಿ ತೆಗೆದುಹಾಕಿತು. ಹಳೆಯ ಸರ್ವರುಗಳಲ್ಲಿ ಆ ವಿಳಾಸ ಇನ್ನೂ ಇದ್ದರೆ ಪ್ರತಿ ಅಪ್‌ಡೇಟಿನಲ್ಲೂ ಇದೇ ಬಗೆಯ ದೂರು ಬರುತ್ತದೆ.

ಎರಡನೆಯ ಕಮಾಂಡ್ ಯಾವ ರೆಪಾಸಿಟರಿಯಲ್ಲೂ ಸಿಗದ, ಅಂದರೆ ಅನಾಥವಾದ ಪ್ಯಾಕೇಜುಗಳನ್ನು ತೋರಿಸುತ್ತದೆ. ಹಳೆಯ ಕರ್ನೆಲ್‌ಗಳು ಹಾಗೂ ನೀವೇ ಇಳಿಸಿಕೊಂಡು ಹಾಕಿದ ಡೆಬ್ ಕಡತಗಳೂ ಇಲ್ಲಿ ಬರುತ್ತವೆ, ಅವುಗಳಿಗೆ ಬೆಚ್ಚಬೇಕಿಲ್ಲ. ತೆಗೆದ ರೆಪಾಸಿಟರಿಯ ಹೆಸರುಗಳು ಕಂಡರೆ ಮಾತ್ರ ಎರಡನೆಯ ಹಂತ ಪೂರ್ತಿಯಾಗಿಲ್ಲ.

ಕನ್ನಡಕ್ಕಾಗಿ ಹೊರಗಿನ ರೆಪಾಸಿಟರಿ ಸೇರಿಸಿಕೊಂಡವರಿಗೆ ಒಂದು ಮಾತು. ಗುಬ್ಬಿ ಮತ್ತು ನವಿಲು ಅಕ್ಷರಶೈಲಿಗಳು ಡೆಬಿಯನ್ ಹಾಗೂ ಉಬುಂಟುವಿನ ಅಧಿಕೃತ ರೆಪಾಸಿಟರಿಗಳಲ್ಲೇ ಇವೆ, ಕಗಪ ಕೀಲಿಮಣೆ ವಿನ್ಯಾಸವೂ ವ್ಯವಸ್ಥೆಯ ಜೊತೆಗೇ ಬರುತ್ತದೆ. ಇವುಗಳಿಗಾಗಿ ಹೊರಗಿನವರನ್ನು ನಂಬುವ ಅಗತ್ಯವಿಲ್ಲ.

ಫೆಡೋರಾದಲ್ಲಿ

ಕ್ರಮ ಅದೇ, ಹೆಸರುಗಳು ಬೇರೆ. ವಿಳಾಸದ ಕಡತಗಳು /ಇಟಿಸಿ/ಯಮ್.ರೆಪೋಸ್.ಡಿ ಫೋಲ್ಡರಿನಲ್ಲಿರುತ್ತವೆ. ಇಲ್ಲಿ ಆಪ್ಟ್‌ನ ಕೆಲಸ ಮಾಡುವುದು ಡಿಎನ್‌ಎಫ್. ಡಿಎನ್‌ಎಫ್ ರೆಪೋಲಿಸ್ಟ್ --ಆಲ್ ಎಂದರೆ ಚಾಲ್ತಿಯಲ್ಲಿರುವವೂ ಇಲ್ಲದವೂ ಕಾಣುತ್ತವೆ. ಫೆಡೋರಾದ ಪಿಪಿಎಗಳೆನ್ನಬಹುದಾದ ಕೋಪರ್ ರೆಪಾಸಿಟರಿಗಳನ್ನು ಸುಡೊ ಡಿಎನ್‌ಎಫ್ ಕೋಪರ್ ರಿಮೂವ್ ಎಂದು ಹೇಳಿ, ಮುಂದೆ ಬಳಕೆದಾರ ಮತ್ತು ಯೋಜನೆಯ ಹೆಸರು ಕೊಟ್ಟು ತೆಗೆಯಬಹುದು. ಆರ್‌ಪಿಎಂ ಫ್ಯೂಷನ್‌ನಂತಹ ಹೊರಗಿನ ರೆಪಾಸಿಟರಿಗಳು ಪ್ಯಾಕೇಜಾಗಿಯೇ ಬಂದಿರುವುದರಿಂದ ಕಡತ ಅಳಿಸದೆ ಆರ್‌ಪಿಎಂಫ್ಯೂಷನ್-ಫ್ರೀ-ರಿಲೀಸ್ ಎಂಬ ಪ್ಯಾಕೇಜನ್ನು ತೆಗೆಯಬೇಕು. ನಾನ್‌ಫ್ರೀ ಭಾಗವಿದ್ದರೆ ಅದರದ್ದನ್ನೂ. ಅದಕ್ಕೆ ಮೊದಲು ಅಲ್ಲಿಂದ ಬಂದ, ಆಡಿಯೋ ವಿಡಿಯೋ ಸಲಕರಣೆಯಾದ ಎಫ್‌ಎಫ್‌ಎಂಪೆಗ್ ಅನ್ನು ಫೆಡೋರಾದ ಸ್ವಂತದ ಎಫ್‌ಎಫ್‌ಎಂಪೆಗ್-ಫ್ರೀ ಜೊತೆ ಅದಲುಬದಲು ಮಾಡಿಕೊಳ್ಳಿ:

ಸುಡೊ ಡಿಎನ್‌ಎಫ್ ಸ್ವಾಪ್ ಎಫ್‌ಎಫ್‌ಎಂಪೆಗ್ ಎಫ್‌ಎಫ್‌ಎಂಪೆಗ್-ಫ್ರೀ --ಅಲೌಇರೇಸಿಂಗ್

ವಿಳಾಸ ಹೋದ ಮೇಲೆ ಸುಡೊ ಡಿಎನ್‌ಎಫ್ ಡಿಸ್ಟ್ರೋ-ಸಿಂಕ್ ಓಡಿಸಿದರೆ, ಅಧಿಕೃತ ಆವೃತ್ತಿ ಇರುವ ಪ್ಯಾಕೇಜುಗಳೆಲ್ಲ ಅದಕ್ಕೆ ಮರಳುತ್ತವೆ. ಉಬುಂಟುವಿನಲ್ಲಿ ಕೈಯಾರೆ ಮಾಡಬೇಕಾದ ಕೆಲಸವನ್ನು ಫೆಡೋರಾ ಒಂದೇ ಕಮಾಂಡಿನಲ್ಲಿ ಮುಗಿಸುತ್ತದೆ, ಈ ವಿಷಯದಲ್ಲಿ ಅದೇ ಮೇಲು. ಅನಾಥ ಪ್ಯಾಕೇಜುಗಳನ್ನು ಡಿಎನ್‌ಎಫ್ ಲಿಸ್ಟ್ --ಎಕ್ಸ್‌ಟ್ರಾಸ್ ತೋರಿಸುತ್ತದೆ. ಕೀಲಿಗಳು ಇಲ್ಲಿ, ಡಿಎನ್‌ಎಫ್‌ನ ತಳದಲ್ಲಿರುವ ಪ್ಯಾಕೇಜು ವ್ಯವಸ್ಥೆಯಾದ ಆರ್‌ಪಿಎಂನ ಡೇಟಾಬೇಸಿನೊಳಗೆ ಪ್ಯಾಕೇಜಿನ ವೇಷದಲ್ಲಿರುತ್ತವೆ. ಆರ್‌ಪಿಎಂ -ಕ್ಯೂಐ ಜಿಪಿಜಿ-ಪಬ್‌ಕೀ ಎಂದರೆ ಪ್ರತಿಯೊಂದರ ಮಾಲೀಕರೂ ಆವೃತ್ತಿ ಸಂಖ್ಯೆಯೂ ತಿಳಿಯುತ್ತವೆ. ಜಿಪಿಜಿ-ಪಬ್‌ಕೀ ಎಂಬುದರ ಮುಂದೆ ಅಡ್ಡಗೆರೆ ಹಾಕಿ ಆ ಆವೃತ್ತಿ ಸಂಖ್ಯೆಯನ್ನು ಸೇರಿಸಿದ ಹೆಸರನ್ನು ಸುಡೊ ಆರ್‌ಪಿಎಂ -ಇ ಕಮಾಂಡಿಗೆ ಕೊಟ್ಟು ಕೀಲಿಯನ್ನು ತೆಗೆಯಬಹುದು. ಆರ್‌ಪಿಎಂನ ಹೊಸ ಆವೃತ್ತಿಗಳಲ್ಲಿ ಈ ಕೆಲಸಕ್ಕೆ ಆರ್‌ಪಿಎಂಕೀಸ್ --ಡಿಲೀಟ್ ಎಂಬುದಿದೆ.

ಉಬುಂಟು ಮತ್ತು ಡೆಬಿಯನ್ ಬಳಕೆದಾರರು ಮೊದಲ ಹಂತದಲ್ಲಿ ಬದಿಗಿಟ್ಟ ಪ್ರತಿಯನ್ನು ಒಂದೆರಡು ವಾರ ಇಟ್ಟುಕೊಂಡು, ಅಪ್‌ಡೇಟುಗಳು ಯಾವ ದೂರೂ ಇಲ್ಲದೆ ನಡೆಯುತ್ತಿವೆ ಎಂದು ಕಂಡ ಮೇಲೆ ಅದನ್ನೂ ಅಳಿಸಬೇಕು. ಖಾಸಗಿ ರೆಪಾಸಿಟರಿಯ ಪಾಸ್‌ವರ್ಡ್ ಇದ್ದ ಯಂತ್ರವಾದರೆ ಅದರ ನಕಲು ಆ ಪ್ರತಿಯಲ್ಲೂ ಇರುತ್ತದೆ.